ಚಿಕ್ಕಸಿದ್ದಮ್ಮನ ನಡೆಮಡಿ

ಸಣ್ಣಯ್ಯ ಬಿಳಿ ಪಂಚೆಯನ್ನು ಒಂದು ಸಲ ಕೊಡವಿ, ಅವ್ವನ ಚಟ್ಟದ ಮುಂದೆ ಹಾಸಲು ಬಗ್ಗಿದ. ಅಷ್ಟರಲ್ಲಿ ಅವನಪ್ಪ ಕುಳ್ಳಯ್ಯ ಜನರ ನಡುವಿನಿಂದ ದಾರಿ ಮಾಡಿಕೊಂಡು ಬಂದು ಪಂಚೆಯ ಅಂಚಿನ ಮೇಲೆ ಕಾಲಿಟ್ಟ.

"ಹಾಸ್ಬ್ಯಾಡ ಕಣ್ಲಾ."

ಐವತ್ತು ವರ್ಷ ಊರಿನ ಬಟ್ಟೆ ಒಗೆದ ಮನುಷ್ಯ ಮಡಿಬಟ್ಟೆಯ ಮೇಲೆ ಕಾಲಿಟ್ಟಿದ್ದನ್ನು ಅಲ್ಲಿದ್ದವರು ಯಾರೂ ಕಂಡಿರಲಿಲ್ಲ. ತಮಟೆಯವನ ಕೈ ತಾನಾಗಿಯೇ ನಿಂತಿತು. ಚಟ್ಟಕ್ಕೆ ಹೆಗಲು ಕೊಡಲು ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಪಿರಿಯಾಪಟ್ಟಣದ ಕಡೆಯ ಹೊಸಕೊಪ್ಪಲಿನಲ್ಲಿ ಮದುವೆಯ ದಿಬ್ಬಣವಿರಲಿ, ಹೆಣವಿರಲಿ, ಅದರ ದಾರಿಗೆ ಬಿಳಿ ಬಟ್ಟೆ ಹಾಸುವುದು ಮಡಿವಾಳರ ಮನೆಯವರ ಕೆಲಸ. ಅದಕ್ಕೆ ನಡೆಮಡಿ ಎನ್ನುತ್ತಾರೆ. ಎರಡು ಪಂಚೆ ಸಾಕು. ಒಂದರ ಮೇಲೆ ನಡೆದು ಮುಗಿಯುವಷ್ಟರಲ್ಲಿ ಇನ್ನೊಂದನ್ನು ಮುಂದೆ ಹಾಸಬೇಕು, ಹಿಂದಿನದನ್ನು ಎತ್ತಿಕೊಂಡು ಮತ್ತೆ ಮುಂದಕ್ಕೆ ಓಡಬೇಕು. ಚಿಕ್ಕಸಿದ್ದಮ್ಮ ಹೀಗೆ ಓಡಿ ಓಡಿ ಊರಿನ ಅದೆಷ್ಟೋ ಜನರನ್ನು ಮಸಣಕ್ಕೆ ಕಳಿಸಿಕೊಟ್ಟಿದ್ದಳು. ಈಗ ಅವಳ ಸರದಿ ಬಂದಾಗ ಕಟ್ಟಿಕೊಂಡ ಗಂಡನೇ ಬೇಡ ಎನ್ನುತ್ತಿದ್ದಾನೆ.

"ಯಾಕಪ್ಪ? ಏನಾಯ್ತು ನಿಂಗೆ?" ಸಣ್ಣಯ್ಯ ಬಗ್ಗಿದವನು ಬಗ್ಗಿದ ಹಾಗೇ ಕೇಳಿದ.

"ನಿಮ್ಮವ್ವ ಹೇಳವ್ಳೆ. ಗಿರಣಿ ಮನೆ ಅವ್ವಾರು ಬರ್ಲಿ. ಅವರ ಹತ್ರ ಒಂದು ಮಾತಾಡ್ಬೇಕು. ಅವರು ಹೂಂ ಅಂದ್ರೆ ಹಾಸು. ಇಲ್ದಿದ್ರೆ ಬರೀ ನೆಲದ ಮ್ಯಾಲೇ ಹೊತ್ಕೊಂಡೋಗುವ."

"ಹೆಣ ಇಟ್ಕೊಂಡು ಎಂಥ ಮಾತು ಕುಳ್ಳಯ್ಯ?" ಎಂದಳು ಪಕ್ಕದ ಮನೆಯ ಮುದುಕಿ ದೊಡ್ಡತಾಯಮ್ಮ. "ಬಿಸ್ಲು ಏರ್ತಾ ಅದೆ."

"ಬಿಸ್ಲು ಅವಳಿಗೆ ಹೊಸದಲ್ಲ ಬುಡವ್ವ."

ಸಣ್ಣಯ್ಯ ಅಪ್ಪನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದ. ಅಲ್ಲಿ ಬಟ್ಟೆ ಬೇಯಿಸುವ ಹಂಡೆ ಹದಿನೈದು ದಿನದಿಂದ ತಣ್ಣಗೆ ಕೂತಿತ್ತು. ಅವ್ವ ಜ್ವರದಿಂದ ಮಲಗಿದ ಮೇಲೆ ಅದಕ್ಕೆ ಯಾರೂ ಬೆಂಕಿ ಹಾಕಿರಲಿಲ್ಲ.

"ಈಗ ಹೇಳು."

"ಇಂಜಿನ್ ಹಚ್ಚಿದ ದಿನ ಗಿರಣಿ ಮನೆ ಮದುವೆ ಬಟ್ಟೆಗೆ ಮಸಿ ಬಿತ್ತಲ್ಲ, ಅದು ಅಕಸ್ಮಾತ್ತಲ್ಲ ಕಣ್ಲಾ. ನಿಮ್ಮವ್ವ ಗೊತ್ತಿದ್ದೂ ಬೇಕಂತಲೇ ಹರವಿದ್ಲು. ಮೊನ್ನೆ ನನ್ನ ಕೈ ಹಿಡ್ಕೊಂಡು ಹೇಳುದ್ಲು. ನಂಬಿ ಕೊಟ್ಟ ಬಟ್ಟೆ ಕೆಡಿಸಿದೋಳು ನಾನು, ನಂಗೆ ನಡೆಮಡಿ ಸಲ್ಲಕಿಲ್ಲ. ಗಿರಣಿ ಮನೆ ವೀರಮ್ಮಾರಿಗೆ ಹೇಳು, ಅವರು ಒಪ್ಪುದ್ರೆ ಹಾಸು, ಅಂದ್ಲು."

ಸಣ್ಣಯ್ಯ ಹಿತ್ತಲ ಬಾಗಿಲನ್ನು ಎಳೆದುಕೊಂಡ. ನಾಲ್ಕು ವರ್ಷದಿಂದ ಅವನು ಅದೇ ಗಿರಣಿಯಲ್ಲಿ ಭತ್ತ ಸುರಿಯುವ ಕೆಲಸ ಮಾಡುತ್ತಿದ್ದ. ಮನೆಯಲ್ಲಿ ಹೆಂಡತಿ ಎಂಟು ತಿಂಗಳ ಬಸುರಿ. "ಅಪ್ಪ, ನಿನ್ನ ದಮ್ಮಯ್ಯ. ಈ ಮಾತು ಅವ್ವನ ಜೊತೇಲೇ ಮಣ್ಣಾಗ್ಲಿ. ಚಲುವಯ್ನೋರ ಕಿವಿಗೆ ಬಿದ್ರೆ ನಾಳೆ ನಾನು ಗಿರಣಿ ಬಾಗ್ಲಿಗೆ ಹೋಗಂಗಿಲ್ಲ."

"ಬಾಳೆಲ್ಲ ಅವಳು ನನ್ನ ಏನೂ ಕೇಳ್ನಿಲ್ಲ ಕಣ್ ಮಗ. ಇದೊಂದು ಕೇಳವ್ಳೆ," ಎಂದ ಕುಳ್ಳಯ್ಯ. ಅವನಿಗೂ ಭಯವಾಗಿತ್ತು. ಗಿರಣಿ ಮನೆಯವರ ಮುಂದೆ ತಲೆ ಎತ್ತಿ ಎರಡು ಮಾತು ಆಡಿದವನೇ ಅಲ್ಲ ಅವನು.

*

ಒಂಬತ್ತು ವರ್ಷದ ಹಿಂದೆ ಗಿರಣಿಯ ಚಲುವಯ್ಯ ಎಲ್ಲಿಂದಲೋ ಒಂದು ಹಳೆಯ ಉಗಿ ಇಂಜಿನ್ ಕೊಂಡು ತಂದ. ಎಂಟು ಜೊತೆ ಎತ್ತು ಎಳೆದವು ಅದನ್ನು. ಕಲ್ಲಿದ್ದಲು ಮೈಸೂರಿನ ಗೂಡ್ಸ್ ಶೆಡ್ಡಿನಿಂದ ಲಾರಿಯಲ್ಲಿ ಬರುತ್ತದೆ, ಇಂಜಿನ್ನಿಗೆ ಡೈನಮೋ ಕಟ್ಟಿದರೆ ಗಿರಣಿಯೂ ಓಡುತ್ತದೆ, ಬೀದಿಗೆ ಹನ್ನೆರಡು ದೀಪವೂ ಹತ್ತುತ್ತವೆ ಎಂದು ಊರಿನವರನ್ನು ಕೂರಿಸಿಕೊಂಡು ಹೇಳಿದ. ಇಂಜಿನ್ನಿಗೆ ನೀರು ಬೇಕಲ್ಲ, ಅದಕ್ಕೆ ಕೆರೆಯ ದಂಡೆಯಲ್ಲೇ ಜಾಗ. ಹೊಗೆಯ ಕೊಳವೆಯೂ ಅಲ್ಲೇ. ಅದರ ಮಗ್ಗುಲಿಗೇ ಚಿಕ್ಕಸಿದ್ದಮ್ಮ ಬಟ್ಟೆ ಒಣಹಾಕುವ ಬಯಲು.

"ಹೊಗೆ ಎಲ್ಲಿಗೆ ಹೋಗ್ತದೆ ಬುದ್ಧಿ?" ಎಂದು ಅವಳು ಎದ್ದು ನಿಂತು ಕೇಳಿದಳು.

"ಮ್ಯಾಲಕ್ಕೆ ಹೋಗ್ತದೆ. ಇನ್ನೆಲ್ಲಿಗೆ ಹೋಗ್ತದೆ?"

"ಮ್ಯಾಲಕ್ಕೆ ಹೋದ್ರೂ ಮಸಿ ಕೆಳಗಲ್ವ ಬುದ್ಧಿ ಬೀಳೋದು? ನನ್ನ ಕೆಲಸ ನಡೆಯೋದು ಬಿಸ್ಲಲ್ಲಿ. ಅದು ದಿನಾ ಬತ್ತದೆ. ಯಾವ ಲಾರೀನೂ ಬ್ಯಾಡ ಅದಕ್ಕೆ."

ಕೆಲವರು ನಕ್ಕರು. ಶಾಲೆಯ ಮೇಷ್ಟರು ಮಾತ್ರ ನಗಲಿಲ್ಲ. ಅವಳು ಹೇಳುವುದರಲ್ಲಿ ಅರ್ಥವಿದೆ, ಬಿಸಿಲು, ಗಾಳಿ, ಕಾಲುವೆ ನೀರು, ಕೊಟ್ಟಿಗೆ ಸಗಣಿ ಎಲ್ಲದರಲ್ಲೂ ಶಕ್ತಿ ಇದೆ, ಸಗಣಿಯಿಂದ ಗ್ಯಾಸು ತೆಗೆದು ದೀಪ ಹಚ್ಚುತ್ತಾರೆ ಎಂದರು. ಆಗ ಇಡೀ ಸಭೆ ಬಿದ್ದು ಬಿದ್ದು ನಕ್ಕಿತು.

"ಹಂಗಾದ್ರೆ ಸಗಣೀಲಿ ಗಿರಣಿ ಓಡಿಸಿ ತೋರ್ಸಿ ಮೇಷ್ಟ್ರೆ," ಎಂದ ಚಲುವಯ್ಯ.

ಚಿಕ್ಕಸಿದ್ದಮ್ಮ ಮನೆಮನೆಗೆ ಹೋಗಿ ಹೆಂಗಸರ ಹೆಬ್ಬೆಟ್ಟು ಒತ್ತಿಸಿದಳು. ಮೇಷ್ಟರು ಅರ್ಜಿ ಬರೆದರು. ತಾಲ್ಲೂಕು ಕಚೇರಿಗೆ ಹೋದ ಅರ್ಜಿ ಹೋದ ದಾರಿಯಲ್ಲೇ ಉಳಿಯಿತು. ಬರುವ ಸೋಮವಾರ ಇಂಜಿನ್ ಹಚ್ಚುವುದೆಂದು ಗೊತ್ತಾಯಿತು.

ಭಾನುವಾರ ಸಂಜೆ ಗಿರಣಿ ಮನೆಯಿಂದ ದೊಡ್ಡ ಗಂಟು ಬಂತು. ಎಂಟು ದಿನದಲ್ಲಿ ಚಲುವಯ್ಯನ ಮಗಳ ಮದುವೆ. ಹುಣಸೂರಿನ ಬೀಗರಿಗೆ ಕೊಡಬೇಕಾದ ಪಂಚೆಗಳು, ಧಾರೆಯ ಸೀರೆ, ಎಲ್ಲ ಅದರಲ್ಲಿದ್ದವು. ಸೋಮವಾರ ಹೊತ್ತು ಏರುವ ಮುಂಚೆ ಅವಳು ಅದನ್ನೆಲ್ಲ ಒಗೆದು ಬಯಲಿನ ತುಂಬ ಹರವಿದಳು. ಹನ್ನೊಂದು ಗಂಟೆಗೆ ಇಂಜಿನ್ ಹೊತ್ತಿಸಿದರು. ಊರಿಗೆ ಊರೇ ನೋಡಲು ಬಂದಿತ್ತು. ಕೊಳವೆ ಎರಡು ಸಲ ಕೆಮ್ಮಿ ಕರ್ರಗೆ ಉಗುಳಿತು. ಗಾಳಿ ಬಯಲಿನ ಕಡೆಗೇ ಇತ್ತು. ಅರ್ಧ ಗಂಟೆಯಲ್ಲಿ ಮದುವೆಯ ಬಟ್ಟೆಯೆಲ್ಲ ಒಲೆ ಒರೆಸಿದ ಬಟ್ಟೆಯಾಗಿತ್ತು.

ವೀರಮ್ಮ ಗಂಡನ ಎದುರಿಗೇ ಚಿಕ್ಕಸಿದ್ದಮ್ಮನನ್ನು ಬಾಯಿಗೆ ಬಂದಂತೆ ಬೈದಳು. ಇದು ಅಪಶಕುನ, ಆ ಕರಿ ಭೂತ ಊರಿನಲ್ಲಿರುವ ತನಕ ಮಗಳನ್ನು ಧಾರೆ ಎರೆಯುವುದಿಲ್ಲ ಎಂದು ಎರಡು ದಿನ ಊಟ ಬಿಟ್ಟಳು. ಮೂರನೆಯ ದಿನ ಎಂಟು ಜೊತೆ ಎತ್ತು ಇಂಜಿನ್ನನ್ನು ಬಂದ ದಾರಿಯಲ್ಲೇ ವಾಪಸು ಎಳೆದವು.

*

"ಅದೇನೇ ಅನ್ನಿ, ಈಯಮ್ಮನ ದೆಸೆಯಿಂದ ನಾವು ಐದು ವರ್ಷ ಸೀಮೆಎಣ್ಣೆ ಬುಡ್ಡೀಲೇ ಬದುಕುದ್ವಿ," ಎಂದ ಜಗಲಿಯಲ್ಲಿ ಕೂತಿದ್ದ ಒಬ್ಬ. ಹೆಣದ ಮುಂದೆ ಕಾಯುತ್ತ ಕೂತವರಿಗೆ ಮಾತು ಎಲ್ಲೆಲ್ಲಿಗೋ ಹೋಗುತ್ತದೆ.

"ಆಮೇಲೆ ಬಂತಲ್ಲಪ್ಪ, ನೀರಿನ ಕರೆಂಟು."

"ಬಂದು ಏನಾಯ್ತು? ಮಳೆ ಹೋದ ವರ್ಷ ಕರೆಂಟೂ ಹೋಯ್ತದೆ. ಇದ್ದಲಿಗೆ ಮಳೆಗಿಳೆ ಬ್ಯಾಡ."

"ಇದ್ದಲು ನಿಮ್ಮಪ್ಪನ ಹಿತ್ತಲಲ್ಲಿ ಬೆಳೀತದೇನ್ಲಾ?" ಎಂದಳು ದೊಡ್ಡತಾಯಮ್ಮ. "ಆ ಹೊಗೆ ದಿನಾ ಕುಡ್ದಿದ್ರೆ ನಾನು ಈಗ ಇಲ್ಲಿ ಕೂತ್ಕೊಂಡು ನಿನ್ನ ಮಾತು ಕೇಳ್ತಿರ್ನಿಲ್ಲ. ನೀರಾದ್ರೆ ಹೊಗೆ ಇಲ್ಲ."

"ನೀರು ಅಂದ್ರೆ ಸುಮ್ನೆ ಬತ್ತದ?" ಎಂದ ಹೆಗ್ಗಡದೇವನ ಕೋಟೆಯ ಕಡೆಯಿಂದ ಬಂದಿದ್ದ ನೆಂಟ. "ಅಣೆಕಟ್ಟೆ ಕಟ್ಟುದ್ರು, ನಮ್ಮ ಮಾವನೋರ ಊರೇ ಮುಳುಗೋಯ್ತು. ದೇವಸ್ಥಾನದ ಕಂಬ ಕಾಣ್ತದೆ ಬ್ಯಾಸಗೇಲಿ."

ಮುದುಕರಾಗಿದ್ದ ಮೇಷ್ಟರು ಗಂಟಲು ಸರಿಮಾಡಿಕೊಂಡು, ಚಲುವಯ್ಯನ ಮನೆಯಲ್ಲೇ ಈಗ ಎರಡು ವರ್ಷದಿಂದ ಸಗಣಿ ಗ್ಯಾಸಿನ ಒಲೆ ಉರಿಯುತ್ತಿದೆ ಎಂದು ನೆನಪಿಸಿದರು. ಹೇಳುವಾಗ ಅವರಿಗೆ ಸ್ವಲ್ಪ ಖುಷಿಯೇ ಆಗಿತ್ತು, ಸಾವಿನ ಮನೆಯೆಂದು ಅದನ್ನು ಅಡಗಿಸಿಕೊಂಡರು.

ಗಿರಣಿ ಮನೆಯವರು ಬಂದರು. ವೀರಮ್ಮನ ಕೈಯಲ್ಲಿ ಹೂವಿನ ಪೊಟ್ಟಣವಿತ್ತು. ಹಿಂದೆ ಚಲುವಯ್ಯ, ಹೆಗಲ ಮೇಲೆ ವಲ್ಲಿ. ವೀರಮ್ಮ ಹೆಣದ ಕಾಲಿನ ಹತ್ತಿರ ಹೂವಿಟ್ಟು ತುಂಬ ಹೊತ್ತು ಅಲ್ಲೇ ಕೂತಳು. ಎದ್ದಾಗ ಎದುರಿಗೆ ಕುಳ್ಳಯ್ಯ ಕೈಮುಗಿದು ನಿಂತಿದ್ದ. ಸಣ್ಣಯ್ಯ ಗೋಡೆಯ ಕಡೆ ಮುಖ ತಿರುಗಿಸಿದ.

"ಅವ್ವಾರೆ, ಸಾಯೋ ಮುಂಚೆ ಅವಳೊಂದು ಮಾತು ಹೇಳವ್ಳೆ. ಅವತ್ತು ನಿಮ್ಮನೆ ಮದುವೆ ಬಟ್ಟೆಗೆ ಮಸಿ ಬಿತ್ತಲ್ಲ. ಅದು ತಿಳೀದೆ ಆದದ್ದಲ್ಲ. ಇಂಜಿನ್ ಹಚ್ತಾರೆ ಅಂತ ಗೊತ್ತಿದ್ದೇ ಹರವಿದ್ಲು. ತಪ್ಪಾಯ್ತು ಅಂತ ನಿಮ್ಮ ಮುಂದೆ ಹೇಳ್ಬೇಕು ಅಂತ ಒಂಬತ್ತು ವರ್ಷ ಒದ್ದಾಡವ್ಳೆ, ಬಾಯಿ ಬರ್ನಿಲ್ಲ. ನೀವು ಒಪ್ಪುದ್ರೆ ನಡೆಮಡಿ ಹಾಸ್ತೀವಿ. ಇಲ್ದಿದ್ರೆ ಇಲ್ಲ."

ವೀರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡರು ಎಲ್ಲರೂ. ಭುಜ ಅಲುಗುತ್ತಿತ್ತು. ಆಮೇಲೆ ನೋಡಿದರೆ ಅವಳು ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು.

"ಅಲ್ಲ ಕುಳ್ಳಯ್ಯ, ಸೋಮವಾರ ಇಂಜಿನ್ ಹಚ್ತಾರೆ ಅಂತ ಊರಿಗೆಲ್ಲ ಗೊತ್ತಿತ್ತು. ನನಗೆ ಗೊತ್ತಿರ್ಲಿಲ್ವ? ಮದುವೆಗೆ ಇನ್ನೂ ಎಂಟು ದಿನ ಇತ್ತು. ಭಾನುವಾರ ಸಂಜೇನೇ ಗಂಟು ಕಟ್ಟಿ ಕಳ್ಸಿದ್ದು ಯಾಕೆ ಅಂದ್ಕೊಂಡೆ?"

ಕುಳ್ಳಯ್ಯ ಕೈ ಮುಗಿದುಕೊಂಡೇ ನಿಂತಿದ್ದ.

"ನನಗೂ ಬೇಕಿರ್ಲಿಲ್ಲ ಕಣಪ್ಪ ಆ ಇಂಜಿನ್ನು. ನಮ್ಮ ಅಡುಗೆಮನೆ ಕಿಟಕಿ ಎದುರಿಗೇ ನಿಲ್ಸಿದ್ರು. ಬ್ಯಾಡ ಅಂದ್ರೆ ಇವರು ಕೇಳ್ತಿದ್ರ? ಬಟ್ಟೆ ಕೆಟ್ರೆ ಬಾಯಿ ಮಾಡಬಹುದು ಅಂತ ನಾನೇ ಕಳ್ಸಿದ್ದು. ಏನೂ ಅರೀದೋಳ ತಲೆ ಮ್ಯಾಲೆ ತಪ್ಪು ಹೊರ್ಸಿ ಎಲ್ಲರೆದುರಿಗೆ ಬೈದೆ. ಆ ಮುಖ ನೆನೆಸ್ಕೊಂಡು ಎಷ್ಟು ದಿನ ನಿದ್ದೆ ಮಾಡಿಲ್ಲ ನಾನು. ಅವಳು ನನಗೆ ಹೆದರ್ತಿದ್ಲು, ನಾನು ಅವಳಿಗೆ ಹೆದರ್ತಿದ್ದೆ. ಒಂದು ದಿನ ಬಾಯಿ ಬಿಟ್ಟಿದ್ರೆ ಇಬ್ರೂ ಕೂತು ನಗಬಹುದಿತ್ತಲ್ಲ ಸಿದ್ದಿ," ಎಂದು ಕೊನೆಯ ಮಾತನ್ನು ಹೆಣದ ಕಡೆ ತಿರುಗಿ ಹೇಳಿದಳು.

ಈಗ ಎಲ್ಲರ ಕಣ್ಣೂ ಚಲುವಯ್ಯನ ಮೇಲೆ. ಅವನು ವಲ್ಲಿಯನ್ನು ಹೆಗಲಿನಿಂದ ತೆಗೆದು ಮುಖ ಒರೆಸಿಕೊಂಡ. ಮತ್ತೆ ಹೆಗಲಿಗೆ ಹಾಕಿಕೊಂಡ.

"ಅಂದ್ರೆ ಒಂಬತ್ತು ವರ್ಷದಿಂದ ಈ ಊರಲ್ಲಿ ಪೆದ್ದ ನಾನೊಬ್ನೇ ಅನ್ನಿ."

ದೊಡ್ಡತಾಯಮ್ಮನ ಬಾಯಿಂದ ಮೊದಲು ನಗು ಹೊರಟಿತು. ಆಮೇಲೆ ಅದನ್ನು ತಡೆಯುವುದು ಯಾರ ಕೈಯಲ್ಲೂ ಆಗಲಿಲ್ಲ. ಮೇಷ್ಟರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಕುಳ್ಳಯ್ಯ ಕುಸಿದು ಕೂತು, ಹೆಂಡತಿ ಸತ್ತ ಮೇಲೆ ಮೊದಲ ಸಲ ಬಿಕ್ಕಿ ಬಿಕ್ಕಿ ಅತ್ತ. ಅವನ ಎದೆಯ ಮೇಲಿದ್ದ ಚಪ್ಪಡಿ ಕಲ್ಲನ್ನು ಯಾರೋ ಎತ್ತಿ ಆಚೆ ಇಟ್ಟಂತಾಗಿತ್ತು.

"ಸಣ್ಣಯ್ಯ, ಏನ್ಲಾ ನೋಡ್ತಾ ನಿಂತಿದ್ದೀಯ?" ಎಂದ ಚಲುವಯ್ಯ. "ಹಾಸು. ನಾಳೇನೇ ಗಿರಣಿಗೆ ಬರ್ಬೇಡ, ತಿಥಿ ಮುಗಿಸ್ಕೊಂಡು ಬಾ."

ಸಣ್ಣಯ್ಯ ಪಂಚೆ ಹಾಸಿ ಚಟ್ಟಕ್ಕೆ ಹೆಗಲು ಕೊಟ್ಟ. ಎರಡನೆಯ ಪಂಚೆ ಹಿಡಿಯಬೇಕಾದ ಭೇರ್ಯದ ನೆಂಟರು ಬಸ್ಸು ಕೆಟ್ಟು ದಾರಿಯಲ್ಲೇ ಉಳಿದಿದ್ದರು. ಕುಳ್ಳಯ್ಯ ಒಬ್ಬನೇ ಓಡಲಾರ. ವೀರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಆ ಪಂಚೆಯನ್ನು ತೆಗೆದುಕೊಂಡಳು. ಗಿರಣಿ ಮನೆಯ ಯಜಮಾನಿ ಮಡಿವಾಳಗಿತ್ತಿಯ ಹೆಣಕ್ಕೆ ನಡೆಮಡಿ ಹಾಸುವುದನ್ನು ನೋಡಲು ಬೀದಿಯ ಎರಡೂ ಕಡೆ ಜನ ಬಾಗಿಲಿಗೆ ಬಂದರು. ಅವಳಿಗೆ ಅಭ್ಯಾಸವಿಲ್ಲ, ಪಂಚೆ ಓರೆಯಾಗಿ ಬೀಳುತ್ತಿತ್ತು, ಏದುಸಿರು ಬರುತ್ತಿತ್ತು. ಕುಳ್ಳಯ್ಯ ತಿದ್ದಲಿಲ್ಲ.

ಮಣ್ಣು ಮಾಡಿ ಬಂದವರು ಸ್ನಾನಕ್ಕೆಂದು ಕೆರೆಗೆ ಇಳಿದರು. ನಡೆಮಡಿಯ ಬಟ್ಟೆಯನ್ನು ಅಂದೇ ಒಗೆದು ಹಾಕಬೇಕು. ಕುಳ್ಳಯ್ಯ ಕೈ ಚಾಚಿದಾಗ ವೀರಮ್ಮ ಕೊಡಲಿಲ್ಲ. ಕಲ್ಲಿನ ಮೇಲೆ ತಾನೇ ಕುಕ್ಕಿದಳು, ಮಣ್ಣು ಹೋಗುವ ತನಕ ಜಾಲಿಸಿದಳು. ನೀರು ಕುಡಿದು ಭಾರವಾದ ಪಂಚೆಯ ಇನ್ನೊಂದು ತುದಿ ಹಿಡಿಯಲು ಅತ್ತಿತ್ತ ನೋಡಿದಳು. ಚಲುವಯ್ಯ ಮೊಣಕಾಲ ತನಕ ನೀರಿಗೆ ಇಳಿದು ಹಿಡಿದುಕೊಂಡ.

ಇಬ್ಬರೂ ಎದುರುಬದುರು ನಿಂತು ತಿರುಪಿದರು. ಬಟ್ಟೆ ಹಿಂಡಿಕೊಳ್ಳದೆ ಇಬ್ಬರ ನಡುವೆ ಸುಮ್ಮನೆ ಉರುಳುತ್ತಿತ್ತು. ಹನಿ ತೊಟ್ಟಿಕ್ಕಿತೇ ಹೊರತು ನೀರು ಇಳಿಯಲಿಲ್ಲ.

"ಬುದ್ಧಿ," ಎಂದ ಕುಳ್ಳಯ್ಯ ದಂಡೆಯಿಂದ, ಸಣ್ಣ ದನಿಯಲ್ಲಿ, "ಅವ್ವಾರು ತಿರುಗ್ಸೋ ಕಡೇಗೇ ನೀವೂ ತಿರುಗಿಸ್ತಾ ಇದ್ದೀರಿ. ನೀವು ಈ ಕಡೆ ತಿರುಪಿ."

ಚಲುವಯ್ಯ ಒಂದು ಕ್ಷಣ ಯೋಚಿಸಿ ಕೈ ಬದಲಾಯಿಸಿ ತಿರುಪಿದ. ಪಂಚೆಯ ನಡುವಿನಿಂದ ನೀರು ದಬದಬನೆ ಕೆರೆಗೆ ಸುರಿಯಿತು.