ಕೆಂಪಿದ್ದವೆಲ್ಲ

ಸೂರ್ಯಕಾಂತನಿಗೆ ಒಂದು ಕುರಿಯಿಂದ ಇನ್ನೊಂದನ್ನು ಬೇರೆ ಮಾಡಿ ನೋಡುವ ಕಣ್ಣಿರಲಿಲ್ಲ.

ತಾಯಿ ಧೂಳಮ್ಮನಿಗೆ ಇತ್ತು. ಈಗ ಆ ಕಣ್ಣಿನ ಮೇಲೆ ಬಸವಕಲ್ಯಾಣದ ಡಾಕ್ಟರು ಕಟ್ಟಿದ ಹಸಿರು ಬಟ್ಟೆ. ಪೊರೆ ತೆಗೆದಿದ್ದರು, ಇನ್ನೊಂದು ಕಣ್ಣೂ ಮಂಜು, ಧೂಳಿಗೆ ಹೋಗುವಂತಿರಲಿಲ್ಲ. ಹುಮನಾಬಾದಿನ ಕಂಪ್ಯೂಟರ್ ಸೆಂಟರಿನಲ್ಲಿ ವೆಬ್ ಪುಟ ಮಾಡುವುದನ್ನು ಕಲಿಸುತ್ತಿದ್ದ ಮಗ ರಜೆ ಹಾಕಿ ರಾಜೇಶ್ವರಕ್ಕೆ ಬಂದಿದ್ದ. ಐದನೇ ಇಯತ್ತೆಗೇ ಹಾಸ್ಟೆಲ್ ಸೇರಿದವನು.

"ಕುರಿ ಕೊಳ್ಳಾಕ ಮೊಹಿನುದ್ದೀನ್ ಲಾರಿ ತರ್ತಾನ. ಕರಿ ಕಿವಿದವು, ಮಗ್ಗಲದಾಗ ಮರಿ ಇಲ್ಲದವು, ಅವಕ್ಕಷ್ಟೇ ಕೆಂಪು ಹಚ್ಚು," ಎಂದಳು.

ಅವನಿಗೆ ಖುಷಿಯಾಯಿತು. "ಅವ್ವಾ, ನಾ ಕಲಸೂದೂ ಇದನ್ನೇ. ಪುಟದಾಗ ಒಂದೊಂದಕ್ಕೇ ಬಣ್ಣ ಹಚ್ಚಂಗಿಲ್ಲ. ಇಂಥವು ಅಂತ ಬರದ್ರ ಸಾಕು, ಅಷ್ಟೂ ತಾವೇ ಕೆಂಪಾಗ್ತಾವ. ಸೆಲೆಕ್ಟರ್ ಅಂತಾರ ಅದಕ್ಕ."

"ನಿನ್ನ ಪುಟದಾಗಿನವು ಶಾಣ್ಯಾ ಅವ ಬಿಡು. ಇವಕ್ಕ ನೀನೇ ಹಚ್ಚಬೇಕು, ಮಾಸ್ತರಾ."

ಎರಡು ಷರತ್ತು. ಕರಿ ಕಿವಿ ಕಾಣುತ್ತಿತ್ತು. ಮರಿ ಯಾವುದರ ಮಗ್ಗುಲಲ್ಲೂ ಇರಲಿಲ್ಲ. ಹಗಲು ಮರಿಗಳನ್ನು ಹಿತ್ತಲಿನ ಗೂಡಿನಲ್ಲಿ ಕೂಡಿಹಾಕುತ್ತಿದ್ದರು. ಅವುಗಳ ಕೂಗು ಕೇಳುತ್ತಲೇ ಇತ್ತು, ಹಿತವೆನಿಸಿತು. ತನ್ನದೇ ಅಂಗಳದಲ್ಲಿ ಮೊದಲ ಸಲ ಅವನಿಗೆ ಗೊಂದಲವಿರಲಿಲ್ಲ. ಕರಿ ಕಿವಿಯವಕ್ಕೆಲ್ಲ ಕೆಂಪು ಹಚ್ಚಿದ.

ಮಧ್ಯಾಹ್ನ ಮೊಹಿನುದ್ದೀನ್ ಒಂದರ ಕೆಚ್ಚಲು ಮುಟ್ಟಿ ನಿಂತ. "ಇದಕ್ಕ ಹಾಲೈತಲ್ರಿ ಸಾಹೇಬ್ರ. ಇದನ್ನೂ ಒಯ್ಯೂದೇನ್ರಿ?"

"ಕೆಂಪಿದ್ದವೆಲ್ಲ."

"ನಿಮ್ ಮರ್ಜಿ."

ಲಾರಿಯ ಸದ್ದು ದೂರವಾದ ಮೇಲೆ ಧೂಳಮ್ಮ ಕೇಳಿದಳು: "ಬರೋಬ್ಬರಿ ಆತಿಲ್ಲ?"

"ಒಂದೂ ತಪ್ಪಿಲ್ಲ."

ಅವಳು ತಡಕಾಡಿ ಅವನ ಕೈ ಹಿಡಿದು ಮೂಸಿದಳು. "ಈಗ ನೋಡು, ನನ್ನ ಮಗನ ವಾಸನಿ ಬಂತು." ಅವನ ಮುಖ ಸವರಿ ನೆಟಿಗೆ ಮುರಿದಳು. ಅವನು ನಕ್ಕ.

ಹೊತ್ತು ಇಳಿದಾಗ ಒಳಗಿನಿಂದ ಕೂಗಿದಳು. "ಮರಿ ಬಿಡಪ್ಪಾ, ಹಾಲು ಕುಡೀಲಿ."

ಗೂಡಿನ ತಟ್ಟಿ ತೆಗೆದ. ಮರಿಗಳು ಹಿಂಡಿನೊಳಗೆ ನುಗ್ಗಿದವು. ಕೆಲವಕ್ಕೆ ಕೆಚ್ಚಲು ಸಿಕ್ಕಿತು. ಉಳಿದವು ಕಂಡ ಕಂಡ ಕುರಿಯ ಹೊಟ್ಟೆಗೆ ಮೂತಿ ಹಾಕಿ, ಒದೆಸಿಕೊಂಡು, ಅಂಗಳದ ನಡುವೆ ನಿಂತು ಒದರಿದವು. ಪುಟದಲ್ಲಾದರೆ ಒಂದು ಸಾಲು ಅಳಿಸಿ ಮತ್ತೆ ತೆರೆಯಬಹುದಿತ್ತು.

"ಯಾಕೋ, ಮರಿ ಹಿಂಗ ಒದರಾಕತ್ತಾವ?"

ಅವನು ಕೈ ಚಾಚಿದ. ಒಂದು ಮರಿ ಬಂದು ಕೆಂಪು ಬೆರಳನ್ನು ಬಾಯಿಗೆ ತೆಗೆದುಕೊಂಡು ಚೀಪತೊಡಗಿತು.

"ಕುಡಿಯಾಕತ್ತಾವವ್ವಾ," ಎಂದ.

ಲಾರಿ ಹತ್ತಿದವು ಹನ್ನೊಂದು. ಅದರಲ್ಲಿ ತಾಯಂದಿರು ಆರು.