ಡಾಕ್ಟರ್ ಕಸ್ತೂರಮ್ಮನವರ ಎರಡು ಬೆರಳು

ಡಾಕ್ಟರ್ ಕಸ್ತೂರಮ್ಮನವರು ರೋಗಿಯ ಎದುರಿಗೆ ಕುಳಿತದ್ದನ್ನು ಹೊನ್ನಾಳಿಯಲ್ಲಿ ಬಹುಕಾಲ ಯಾರೂ ಕಂಡಿರಲಿಲ್ಲ. ಅವರ ಚಿಕಿತ್ಸಾಲಯದಲ್ಲಿ ಮೇಜಿತ್ತು, ಮೇಜಿನ ಹಿಂದೆ ತಿರುಗುವ ಕುರ್ಚಿಯೂ ಇತ್ತು. ಆದರೆ ಆ ಕುರ್ಚಿಯನ್ನು ವೈದ್ಯಕೀಯ ಪತ್ರಿಕೆಗಳ ರಾಶಿಯೊಂದು ವಂಶಪಾರಂಪರ್ಯದ ಹಕ್ಕೆಂಬಂತೆ ಆಕ್ರಮಿಸಿಕೊಂಡಿತ್ತು. ಡಾಕ್ಟರು ಮಾತ್ರ ಗೋಡೆಗೆ ಒರಗಿಸಿದ ಉದ್ದನೆಯ ಬೆಂಚಿನ ಮೇಲೆ, ರೋಗಿಯ ಪಕ್ಕದಲ್ಲಿ, ಇಬ್ಬರೂ ಒಂದೇ ಬಸ್ಸಿಗೆ ಕಾಯುತ್ತಿರುವವರ ಹಾಗೆ ಕೂರುವರು. ಯಾಕೆಂದು ಕೇಳಿದರೆ ಉತ್ತರ ಸಿದ್ಧವಿರುತ್ತಿತ್ತು: "ಎದುರಾಬದುರು ಕೂತ್ರೆ ಒಂದೋ ಜಗಳ, ಇಲ್ಲಾಂದ್ರೆ ಹೆಣ್ಣು ನೋಡೋ ಶಾಸ್ತ್ರ. ಎರಡರಾಗೂ ಮನುಷ್ಯ ನಿಜ ಹೇಳಂಗಿಲ್ಲ."

ಸೀರೆಯ ಮೇಲೆ ಗಂಡಸರ ಕಂದು ಕೋಟು ತೊಡುತ್ತಿದ್ದರು. ಅದು ಅವರ ತಂದೆ, ಬಸವಾಪಟ್ಟಣದ ಅಡಿಕೆ ವ್ಯಾಪಾರಿ ಬೆನಕಪ್ಪನವರು ದಾವಣಗೆರೆ ಪೇಟೆಗೆ ಹೋಗುವಾಗ ಹಾಕಿಕೊಳ್ಳುತ್ತಿದ್ದ ಕೋಟು. ಭುಜ ಎರಡು ಬೆರಳು ಜಾರುತ್ತಿತ್ತು, ತೋಳು ಮಡಚಬೇಕಾಗಿತ್ತು, ಬೇಸಗೆಯಲ್ಲಿ ನೋಡಿದವರಿಗೇ ಸೆಕೆಯಾಗುತ್ತಿತ್ತು. ಅವರು ಅದನ್ನು ಬಿಡದಿದ್ದುದಕ್ಕೆ ಪಿತೃಭಕ್ತಿಗಿಂತ ಅದರ ಜೇಬುಗಳೇ ಕಾರಣವೆಂದು ನನ್ನ ಊಹೆ. ಒಂದರಲ್ಲಿ ಸ್ಟೆತಸ್ಕೋಪು, ಇನ್ನೊಂದರಲ್ಲಿ ಸಿಪ್ಪೆ ಬಿಡಿಸದ ಹುರಿದ ಶೇಂಗಾ. ಬಂದವರ ಬೊಗಸೆಗೆ ಮೊದಲು ಶೇಂಗಾ ಸುರಿಯುವರು. ಕೈ ಸಿಪ್ಪೆ ಬಿಡಿಸುತ್ತಾ ಹೋದಂತೆ ಬಾಯಿಯೂ ತಾನಾಗಿ ಬಿಡಿಸುತ್ತಾ ಹೋಗುತ್ತದೆಂಬುದು ಅವರು ಯಾವ ಕಾಲೇಜಿನಲ್ಲೂ ಕಲಿಯದ ವಿದ್ಯೆ. ಹೇಳುವವರು ತಡೆದು ನಿಂತಾಗ ಅವರು ಆಡುತ್ತಿದ್ದುದು ಒಂದೇ ಮಾತು, "ಆಮೇಲೆ?" ಅದರಲ್ಲಿ ಕುತೂಹಲವಿರುತ್ತಿತ್ತು, ಅವಸರವಿರುತ್ತಿರಲಿಲ್ಲ.

ಬೆಂಗಳೂರಿನಲ್ಲಿ ಮನೋವೈದ್ಯದ ಡಿಪ್ಲೊಮಾ ಪಡೆದು ಎಪ್ಪತ್ತರ ದಶಕದ ಆರಂಭದಲ್ಲಿ ಅವರು ಹೊನ್ನಾಳಿಗೆ ಬಂದು 'ಮನೋರೋಗ ತಜ್ಞೆ' ಎಂಬ ಬೋರ್ಡು ಹಾಕಿದಾಗ, ಮೊದಲ ವರ್ಷ ಆ ಬಾಗಿಲನ್ನು ಹೊಕ್ಕವರು ಇಲ್ಲವೆನ್ನುವಷ್ಟು ಕಡಮೆ. ಹೊಕ್ಕರೆ ಹುಚ್ಚರೆಂದು ಊರಿಗೆಲ್ಲ ಸಾರಿದಂತೆ. ಜನ ಎದುರಿನ ಫುಟ್‌ಪಾತಿನಲ್ಲಿ ಬೇಕೆಂದೇ ನಡೆಯುತ್ತಿದ್ದರಂತೆ. ಕಸ್ತೂರಮ್ಮನವರು ಬೋರ್ಡು ಇಳಿಸಿ, ಬಣ್ಣ ಬಳಿಸಿ, 'ನಿದ್ದೆ ಬಾರದವರು ಬರಬಹುದು' ಎಂದು ಬರೆಸಿದರು. ನಿದ್ದೆ ಬಾರದಿರುವುದು ಮರ್ಯಾದಸ್ಥರಿಗೂ ಬರಬಹುದಾದ ಕಾಯಿಲೆ. ಊರೇ ಬಂತು. ಕಾಲೇಜಿಗೆ ಕನ್ನಡ ಪಾಠ ಹೇಳಲು ಹೊಸದಾಗಿ ಬಂದಿದ್ದ ನಾನೂ ಆ ಬೋರ್ಡನ್ನು ಓದಿಯೇ ಒಳಗೆ ಹೋದವನು. ಸಂಜೆಯ ಕಾಫಿ ಬಿಡಿಸಿ, ಹೊಳೆಯ ದಂಡೆಗೆ ನಡೆಯಲು ಹಚ್ಚಿ ಕಳಿಸಿದರು. ನಿದ್ದೆ ಬಂತು, ಸ್ನೇಹ ಉಳಿಯಿತು.

ಎಂಬತ್ತೊಂಬತ್ತರ ಮಳೆಗಾಲ ಮುಗಿಯುತ್ತಿದ್ದಾಗ ಅವರ ಸಹಪಾಠಿಯೊಬ್ಬರು ಬೆಂಗಳೂರಿನಿಂದ ಒಂದು ಲೇಖನದ ಜೆರಾಕ್ಸ್ ಪ್ರತಿ ತಂದುಕೊಟ್ಟರು. ಅಮೆರಿಕದ ಮನಶ್ಶಾಸ್ತ್ರಜ್ಞೆಯೊಬ್ಬಳ ಹೊಸ ವಿಧಾನ. ಘೋರವಾದದ್ದನ್ನು ಕಂಡು ಆ ನೆನಪಿನಲ್ಲೇ ಸಿಕ್ಕಿಕೊಂಡವನು ಅದನ್ನು ಮನಸ್ಸಿನೆದುರು ತಂದುಕೊಂಡು, ವೈದ್ಯರು ಆಡಿಸುವ ಬೆರಳನ್ನು ಕಣ್ಣಿನಿಂದ ಎಡಕ್ಕೂ ಬಲಕ್ಕೂ ಹಿಂಬಾಲಿಸುತ್ತಾ ಹೋದರೆ, ನೆನಪು ಉಳಿದರೂ ಅದರ ಉರಿ ತಗ್ಗುತ್ತದೆ ಎಂದು ಅದರಲ್ಲಿತ್ತು. ಕಸ್ತೂರಮ್ಮನವರು ಅದನ್ನು ಓದಿ, ಮತ್ತೆ ಓದಿ, ನನಗೂ ಓದಿ ಹೇಳಿದರು.

"ನಂಬಿಕೆ ಬರುತ್ತಾ ನಿಮಗೆ?" ಎಂದೆ.

"ಹೊಸ ಚಿಕಿತ್ಸೆ ಅಂದ್ರೆ ಹೊಸ ಸೊಸೆ ಇದ್ದಂಗೆ ಮೇಷ್ಟ್ರೆ. ಬಂದ ದಿನಾನೇ ಹೊಗಳಬಾರದು, ತೆಗಳಲೂಬಾರದು. ಮನೆಯೊಳಗೆ ಬಿಟ್ಕಂಡು ನೋಡ್ಬೇಕು."

ಬಿಟ್ಟುಕೊಂಡು ನೋಡಲು ಮೊದಲು ಸಿಕ್ಕಿದವನು ನಾನು. ಬೆರಳಾಡಿಸುವ ಅಭ್ಯಾಸವಾಗಬೇಕಿತ್ತು ಅವರಿಗೆ. ಆದರೆ ಪಕ್ಕದಲ್ಲಿ ಕುಳಿತು ಕಣ್ಣೆದುರು ಬೆರಳಾಡಿಸುವುದು ಹೇಗೆ? ಹದಿನೈದು ವರ್ಷಕ್ಕೂ ಮಿಕ್ಕಿದ ಹಟವನ್ನು ಬಿಟ್ಟು ಬೆಂಚಿನಿಂದ ಏಳಲೇಬೇಕಾಯಿತು. ಕುರ್ಚಿಯ ಮೇಲಿನ ಪತ್ರಿಕೆಗಳನ್ನು ನೆಲಕ್ಕಿಳಿಸಿ, ಅದನ್ನು ನನ್ನೆದುರು ನೇರವಾಗಿಡದೆ ಒಂದಿಷ್ಟು ಓರೆಯಾಗಿ ಎಳೆದು ಕೂತು, "ಜಗಳನೂ ಅಲ್ಲ, ಶಾಸ್ತ್ರನೂ ಅಲ್ಲ, ನಡುವಿಂದು" ಎಂದು ತಮ್ಮನ್ನು ತಾವೇ ಸಮಾಧಾನ ಮಾಡಿಕೊಂಡರು. ಸಣ್ಣದೊಂದು ಹೆದರಿಕೆಯನ್ನು ನೆನೆಯಲು ಹೇಳಿದರು. ಬಾಲ್ಯದಲ್ಲಿ ಸಂತೇಬೆನ್ನೂರಿನ ಸಂತೆಯಲ್ಲಿ ಅಟ್ಟಿಸಿಕೊಂಡು ಬಂದ ನಾಯಿಯೊಂದನ್ನು ನಾನು ನೆನೆದೆ. ತೋರುಬೆರಳು, ನಡುಬೆರಳು ಜೋಡಿಸಿ ಅವರು ಅತ್ತಿತ್ತ ಆಡಿಸಿದರು. ಮಡಚಿದ ಕೋಟಿನ ತೋಳು ಬಿಚ್ಚಿಕೊಂಡು ಬೆರಳನ್ನೇ ಮುಚ್ಚಿತು. ಮತ್ತೆ ಮಡಚಿ, ಮತ್ತೆ ಆಡಿಸಿದರು. ಕೊನೆಗೆ ಏನಾಯಿತೆಂದು ಕೇಳಿದಾಗ ನಾನು ಪ್ರಾಮಾಣಿಕವಾಗಿ, "ನಾಯಿ ಅಲ್ಲೇ ಇದೆ. ಆದರೆ ಕೂತಿದೆ" ಎಂದೆ. ಅವರು ಬಹಳ ಹೊತ್ತು ನಕ್ಕರು.

ಇನ್ನು ತಿಪ್ಪೇಶಪ್ಪನ ವಿಷಯ. ಇದನ್ನು ಕಸ್ತೂರಮ್ಮನವರು ನನಗೆ ಹೇಳಿದವರಲ್ಲ. ರೋಗಿಯ ಮಾತು ಅವರ ಬಾಯಿಂದ ಹೊರಬಿದ್ದದ್ದೇ ಇಲ್ಲ. ತಿಪ್ಪೇಶಪ್ಪನೇ ಮುಂದೆ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದರಿಂದ ಬರೆಯುತ್ತಿದ್ದೇನೆ.

ಅವನು ಜಗಳೂರು ಕಡೆಯವನು, ನ್ಯಾಮತಿಯಲ್ಲಿ ನೆಲೆಸಿದವನು, ಮದುವೆಮನೆಗಳ ಅಡುಗೆಯವನು. ಅವನ ಹೋಳಿಗೆ ಸಾರಿಗಾಗಿ ಮುಹೂರ್ತವನ್ನೇ ಮುಂದೂಡಿದ ಬೀಗರಿದ್ದರಂತೆ. ಎರಡು ವರ್ಷದ ಹಿಂದೆ ಕೆರೆಬಿಳಚಿಯ ಮದುವೆಯೊಂದರಲ್ಲಿ, ನೆಲ ತೋಡಿದ ಒಲೆಯ ಮೇಲೆ ಕುದಿಯುತ್ತಿದ್ದ ಸಾರಿನ ಕೊಪ್ಪರಿಗೆ, ಅಂಚಿನ ಮಣ್ಣು ಕುಸಿದು ವಾಲಿಬಿಟ್ಟಿತು. ಪಕ್ಕದಲ್ಲಿದ್ದವನು ಅವನ ಹೆಂಡತಿಯ ತಮ್ಮ ಮುರುಗೇಶಪ್ಪ. ಮಂಡಿಯಿಂದ ಕೆಳಗೆ ಕಾಲು ಬೆಂದುಹೋಯಿತು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಮುರುಗೇಶಪ್ಪ ಎದ್ದು ಓಡಾಡಿದ. ಏಳದವನು ತಿಪ್ಪೇಶಪ್ಪ. ಕುದಿಯುವ ಸದ್ದು ಕಿವಿಗೆ ಬಿದ್ದರೆ ಅವನ ಮೈಯೆಲ್ಲ ಬೆವರಿ, ಕಾಲು ತಾನಾಗಿ ಬೀದಿಗೆ ಓಡುತ್ತಿತ್ತು. ಹೋಟೆಲಿನ ಮುಂದೆ ಹಾಯಲಾರ. ಹೆಂಡತಿ ಕೊಟ್ರಮ್ಮ ಅವನನ್ನು ಹೊಲದ ಕಡೆ ಅಟ್ಟಿ, ಒಲೆ ಹಚ್ಚಿ, ಬೇಯಿಸಿ, ಒಲೆ ಆರಿಸಿ, ಆಮೇಲೆ ಕರೆಸಿಕೊಳ್ಳುತ್ತಿದ್ದಳು. ನೂರಾರು ಎಲೆಗೆ ಬಡಿಸಿದ ಕೈ ತಣ್ಣನೆಯ ಮೊಸರವಲಕ್ಕಿ ತಿಂದುಕೊಂಡಿತ್ತು. ಜೊತೆಯ ಅಡುಗೆಯವರು ಒಬ್ಬೊಬ್ಬರಾಗಿ ಬೇರೆಯವರ ಕಡೆ ಹೋಗಿಬಿಟ್ಟರು.

ಕೊಟ್ರಮ್ಮ ಮತ್ತು ಮುರುಗೇಶಪ್ಪ ಸೇರಿ ಅವನನ್ನು ಕಸ್ತೂರಮ್ಮನವರ ಬಳಿಗೆ ಕರೆತಂದರು. "ಬೆಂದಿದ್ದು ನನ್ ಕಾಲು ರೀ ಅಮ್ಮಾರೆ," ಎಂದನಂತೆ ಮುರುಗೇಶಪ್ಪ, "ಅದು ವಾಸಿ ಆತು. ನೋಡಿದ್ದು ನಮ್ ಭಾವ. ಅವಂಗೆ ಇನ್ನೂ ಉರಿ ಹೋಗಿಲ್ಲ." ಮಾತ್ರೆ ಕೊಟ್ಟರು, ಮಾತಾಡಿಸಿದರು. ನಿದ್ದೆ ಒಂದಿಷ್ಟು ಸರಿಹೋಯಿತು. ಸಾರಿನ ಕೊಪ್ಪರಿಗೆ ಹೋಗಲಿಲ್ಲ. ತಿಪ್ಪೇಶಪ್ಪನ ಕಥೆ ಪ್ರತಿಸಲವೂ ಮುರುಗೇಶಪ್ಪನ ಚೀತ್ಕಾರದ ಹತ್ತಿರ ಬಂದು ನಿಂತುಬಿಡುವುದು. ಡಾಕ್ಟರ "ಆಮೇಲೆ?" ಅಲ್ಲಿ ಕೆಲಸ ಮಾಡುತ್ತಿರಲಿಲ್ಲ. ಅವನ ಪಾಲಿಗೆ ಆಮೇಲೆ ಎಂಬುದೇ ಇರಲಿಲ್ಲ.

ಆಗ ಕಸ್ತೂರಮ್ಮನವರು ಅವನಿಗೆ ಬೆರಳಿನ ವಿಚಾರ ಹೇಳಿದರು. "ಇದು ಹೊಸದು ತಿಪ್ಪೇಶಪ್ಪ. ಹೆಂಗೆ ಕೆಲಸ ಮಾಡ್ತೈತೆ ಅಂತ ಬರೆದೋರಿಗೂ ಪೂರಾ ಗೊತ್ತಿಲ್ಲ, ನಂಗಂತೂ ಗೊತ್ತೇ ಇಲ್ಲ. ಮಾಡೋಣ ಅಂದ್ರೆ ಮಾಡೋಣ. ಬ್ಯಾಡ ಅಂದ್ರೆ ಬ್ಯಾಡ. ನಡುವೆ ತಡಿಯಾಕಾಗಲ್ಲ ಅನ್ಸಿದ್ರೆ ಕೈ ಎತ್ತು, ಅಲ್ಲಿಗೇ ನಿಲ್ಲಿಸ್ತೀನಿ."

"ನೀವು ಗೊತ್ತಿಲ್ಲ ಅಂದ್ರಲ್ಲ," ಎಂದ ತಿಪ್ಪೇಶಪ್ಪ, "ಅದಕ್ಕೇ ಧೈರ್ಯ ಬಂತು ರೀ. ಗೊತ್ತೈತೆ ಅಂದೋರೆಲ್ಲ ತಾಯಿತ ಕಟ್ಟಿ ಕಳಿಸ್ಯಾರೆ."

ಮೊದಲ ದಿನ ಏನೂ ಆಗಲಿಲ್ಲ. ಬೆರಳು ಅತ್ತಿತ್ತ ಆಡಿದ್ದೇ ತಡ, ಅವನಿಗೆ ತನ್ನ ತಾಯಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಿದ್ದುದು ನೆನಪಾಗಿ ನಗು ಬಂತು. ಡಾಕ್ಟರೂ ನಕ್ಕು, ಶೇಂಗಾ ಕೊಟ್ಟು ಕಳಿಸಿದರು. ಮುಂದಿನ ವಾರ ಬಂದಾಗ ಮುರುಗೇಶಪ್ಪನೂ ಜೊತೆಗಿದ್ದು ಹೊರಗೆ ಜಗಲಿಯ ಮೇಲೆ ಕುಳಿತ. ಒಳಗೆ, ಎಲ್ಲಕ್ಕಿಂತ ಕೆಟ್ಟ ಗಳಿಗೆ ಯಾವುದೆಂದು ಡಾಕ್ಟರು ಕೇಳಿದರು. ವಾಲಿದ ಕೊಪ್ಪರಿಗೆ, ಎಂದ. ಆಗ ನಿನ್ನ ಬಗ್ಗೆ ನಿನಗೆ ಏನನ್ನಿಸುತ್ತದೆ ಎಂದು ಕೇಳಿದರು. "ನನ್ನಿಂದಾತು. ನಾನು ಏನೂ ಮಾಡ್ಲಿಲ್ಲ, ನಿಂತ್ಕಂಡು ನೋಡಿದೆ," ಎಂದ. ಬೆರಳು ಚಲಿಸಿತು. ಕಣ್ಣು ಹಿಂಬಾಲಿಸಿತು. ಬೇಳೆಕಟ್ಟಿನ ವಾಸನೆ ಮೂಗಿಗೆ ಬಂತಂತೆ, ಮೈ ಬೆವೆತಿತು. ಬೆರಳು ನಿಂತಿತು, "ಈಗೇನು?" ಎಂದರು, ಹೇಳಿದ. ಮತ್ತೆ ಚಲಿಸಿತು. ಚೀತ್ಕಾರ ಬಂತು. ಕೈ ಎತ್ತಬೇಕೆಂದುಕೊಂಡವನು ಎತ್ತಲಿಲ್ಲ. ಬೆರಳಿನ ಹಿಂದೆ ಕಣ್ಣು ಹೋಗುತ್ತಲೇ ಇತ್ತು, ಹೋಗುತ್ತಾ ಹೋಗುತ್ತಾ ಎರಡು ವರ್ಷದಿಂದ ನಿಂತಲ್ಲೇ ನಿಂತಿದ್ದ ಆ ಚಿತ್ರ, ಹೂತಿದ್ದ ಗಾಡಿ ಎಳೆದಾಗ ಕದಲುವಂತೆ, ಒಂದು ಸಲ ಅಲುಗಾಡಿತು.

"ಆಮೇಲೆ?" ಎಂದರು ಕಸ್ತೂರಮ್ಮನವರು.

ತಿಪ್ಪೇಶಪ್ಪ ನಿಧಾನವಾಗಿ, ಯಾರದೋ ಸುದ್ದಿ ಹೇಳುವವನಂತೆ ಹೇಳಿದ. "ತೊಟ್ಟಿ ನೀರು ಸುರಿದೆ ರೀ. ಬಿಂದಿಗೆ ತಗಂಡು ಸುರಿದೆ. ಆಮೇಲೆ ಇವನ್ನ ಹೆಗಲ ಮೇಲೆ ಹಾಕ್ಕಂಡು ರಸ್ತೆಗಂಟ ಓಡಿದೆ. ಅಡಿಕೆ ಹೇರಿದ್ದ ಟೆಂಪೋಗೆ ಅಡ್ಡ ನಿಂತೆ." ಇಷ್ಟು ಹೇಳಿ ಡಾಕ್ಟರ ಮುಖ ನೋಡಿ, "ಅಮ್ಮಾರೆ, ಎತ್ಕಂಡು ಓಡಿದ್ದು ನಾನೇ ಅಲ್ರೀ?" ಎಂದು ಕೇಳಿದ.

ಉತ್ತರ ಜಗಲಿಯಿಂದ ಬಂತು. "ಮತ್ತಿನ್ಯಾರು ಎತ್ತಿದ್ದು ಭಾವ? ಎಷ್ಟು ಸರ್ತಿ ಹೇಳೀನಿ, ನೀ ಕೇಳಿಸ್ಕಂಡಿದ್ರೆ ತಾನೆ?" ಬಾಗಿಲಿಗೆ ಕಿವಿ ಕೊಟ್ಟು ಕೂತದ್ದಕ್ಕೆ ಮುರುಗೇಶಪ್ಪ ಆ ದಿನ ಬೈಸಿಕೊಂಡ. ಬೈಯುವಾಗ ಡಾಕ್ಟರ ಕಣ್ಣು ತೇವವಾಗಿತ್ತು ಎಂದು ಅವನ ಸಾಕ್ಷ್ಯ. ತಿಪ್ಪೇಶಪ್ಪ ತಾನೇ ಅಳುತ್ತಿದ್ದುದರಿಂದ ನೋಡಲಿಲ್ಲವಂತೆ.

ಅಲ್ಲಿಗೆ ಎಲ್ಲ ಮುಗಿಯಲಿಲ್ಲ. ಇನ್ನೂ ಕೆಲವು ವಾರ ಬಂದುಹೋದ. ಒಂದು ಮಧ್ಯಾಹ್ನ ಕಸ್ತೂರಮ್ಮನವರು ಹಿಂದಿನ ಕೋಣೆಯಲ್ಲಿ ಸ್ಟೋವ್ ಹಚ್ಚಿ ಚಹಕ್ಕಿಟ್ಟರು. ಅಂದು ನಾನೂ ಅಲ್ಲಿದ್ದೆ. ಅವರ ಅಡುಗೆಯ ಕೌಶಲ ಊರಿಗೇ ಗೊತ್ತು. ಅವರ ಉಪ್ಪಿಟ್ಟನ್ನು ಎರಡನೆಯ ಸಲ ಹಾಕಿಸಿಕೊಂಡವರನ್ನು ನಾನು ಕಂಡಿಲ್ಲ. ತಿಪ್ಪೇಶಪ್ಪ ಅಂಗಳದ ಬಾಗಿಲಲ್ಲಿ ನಿಂತಿದ್ದ, ಓಡಲು ಸಿದ್ಧನಾದವನಂತೆ ಒಂದು ಕಾಲು ಹೊರಗಿಟ್ಟು. ನೀರು ಇನ್ನೂ ಬೆಚ್ಚಗಾಗುವ ಮೊದಲೇ ಡಾಕ್ಟರು ಚಹಪುಡಿ, ಸಕ್ಕರೆ, ಹಾಲು ಎಲ್ಲವನ್ನೂ ಒಟ್ಟಿಗೆ ಸುರಿದರು. ಅವನ ಮುಖದಲ್ಲಿ ಯಾತನೆ ಕಂಡಿತು. ಅದು ಹೆದರಿಕೆಯ ಯಾತನೆಯೆಂದು ನಾನು ತಪ್ಪಾಗಿ ತಿಳಿದೆ. "ಅಮ್ಮಾರೆ, ಹಂಗೆ ಹಾಕಬಾರದ್ರೀ," ಎಂದ. ಅವರು ಕೇಳಿಸದವರಂತೆ ಕದಡುತ್ತಲೇ ಇದ್ದರು. ಇನ್ನು ತಡೆಯಲಾರದೆ ಒಳಗೆ ಬಂದು, ಅವರ ಕೈಯಿಂದ ಪಾತ್ರೆ ಕಸಿದು, ಅದನ್ನು ಚೆಲ್ಲಿ, ಹೊಸ ನೀರಿಟ್ಟ. ನೀರು ಕುದಿಯತೊಡಗಿದಾಗ ಒಂದು ಹೆಜ್ಜೆ ಹಿಂದೆ ಸರಿದ, ಉಸಿರೆಳೆದುಕೊಂಡ, ಪುಡಿ ಹಾಕಿದ. ಅಂಥ ಚಹವನ್ನು ಆ ಮನೆಯಲ್ಲಿ ನಾನು ಹಿಂದೆಂದೂ ಕುಡಿದಿರಲಿಲ್ಲ. ಡಾಕ್ಟರು ಬೇಕೆಂದೇ ಹಾಗೆ ಮಾಡಿದರೋ, ತಮ್ಮ ಸ್ವಭಾವದಂತೆ ಮಾಡಿದರೋ ಎಂದು ಆಮೇಲೆ ಕೇಳಿದೆ. "ಚಹ ಮಾಡೋದು ಹಂಗೇ ಅಲ್ವಾ?" ಎಂದರು.

ಆ ಚಳಿಗಾಲದಲ್ಲೇ ಅವನು ಚನ್ನಗಿರಿಯ ಒಂದು ಮದುವೆಗೆ ಅಡುಗೆ ಒಪ್ಪಿಕೊಂಡು, ನಮ್ಮಿಬ್ಬರನ್ನೂ ಊಟಕ್ಕೆ ಕರೆಸಿಕೊಂಡ. ಕೊಪ್ಪರಿಗೆ ಏರಿಸುವ ಮೊದಲು ಒಲೆಯ ಅಂಚನ್ನು ಕಾಲಿನಿಂದ ತುಳಿದು ತುಳಿದು ನೋಡಿದ. ಪಂಕ್ತಿ ಮುಗಿಯುವವರೆಗೆ ಯಾರನ್ನೂ ಹತ್ತಿರ ಬಿಡಲಿಲ್ಲ. ಹೆದರಿಕೆ ಇನ್ನೂ ಇದೆಯಲ್ಲ ಎಂದು ನಾನು ಪಿಸುಗುಟ್ಟಿದೆ. ಕಸ್ತೂರಮ್ಮನವರು ಎಲೆಯ ಸಾರನ್ನು ಸೊರ್ರನೆ ಸುರಿಯುತ್ತಾ, "ಇರ್ಲಿ ಬಿಡ್ರಿ, ಅಷ್ಟು ಬೇಕು. ಅದು ಕೆಲಸದ ಹೆದರಿಕೆ" ಎಂದರು.

ಕೀರ್ತಿ ಹಬ್ಬಿತು, ಹಬ್ಬಬಾರದ ರೀತಿಯಲ್ಲಿ. 'ದೃಷ್ಟಿ ತೆಗಿಯೋ ಡಾಕ್ಟ್ರಮ್ಮ' ಎಂದು ಹೆಸರಾಗಿ ಜನ ನಿಂಬೆಹಣ್ಣು ಹಿಡಿದು ಬರತೊಡಗಿದರು. ಅವರು ಸಿಟ್ಟಾಗಿ, ಹಣ್ಣನ್ನೆಲ್ಲ ಪಾನಕ ಮಾಡಿಸಿ ಬಂದವರಿಗೇ ಕುಡಿಸಿದರು. ಬೈಲಪ್ಪನೆಂಬ ರೈತ, ಸಿಡಿಲಿಗೆ ಬೆದರಿ ಹಾಲು ಕೊಡದ ಎಮ್ಮೆಯನ್ನು ಬಾಗಿಲಿಗೆ ಹೊಡೆದುಕೊಂಡು ಬಂದ. ಅವರು ಕೋಟಿನ ಜೇಬಿಗೆ ಕೈಯಿಳಿಸಿ ಎಮ್ಮೆಯನ್ನು ಗಂಭೀರವಾಗಿ ಪರಿಶೀಲಿಸಿ, "ಇದರ ಒಂದು ಕಣ್ಣು ನ್ಯಾಮತಿ ಕಡೆಗೈತೆ, ಇನ್ನೊಂದು ಹರಿಹರದ ಕಡೆಗೈತೆ. ನಾನು ಬೆರಳು ಎಲ್ಲಿ ಆಡಿಸಲಿ ಬೈಲಪ್ಪ?" ಎಂದು ದನದ ಡಾಕ್ಟರ ಬಳಿಗೆ ಕಳಿಸಿದರು.

ಫಲಿಸದೆ ಹೋದದ್ದೂ ಉಂಟು. ಜಗಳೂರಿನಿಂದ ಬರುತ್ತಿದ್ದ ಅಜ್ಜಮ್ಮ ಎಂಬಾಕೆಗೆ ಬೆರಳಿನಿಂದ ಏನೂ ಆಗಲಿಲ್ಲ. ಮನಸ್ಸು ಇನ್ನಷ್ಟು ಕದಡಿತು. ಕಸ್ತೂರಮ್ಮನವರು ಅಂದೇ ಅದನ್ನು ನಿಲ್ಲಿಸಿ, "ನನ್ನ ಅಂದಾಜು ತಪ್ಪಾತು ತಾಯಿ" ಎಂದು ಆಕೆಗೇ ಹೇಳಿ, ಹಳೆಯ ರೀತಿಯಲ್ಲಿ ಪಕ್ಕದಲ್ಲಿ ಕುಳಿತು, ನಿಧಾನವಾಗಿ ಮೊದಲಿನಿಂದ ಆರಂಭಿಸಿದರು. ಆಕೆ ಬರುವುದನ್ನು ಬಿಡಲಿಲ್ಲ. ತಿಪ್ಪೇಶಪ್ಪನನ್ನು ವಾಸಿ ಮಾಡಿದ್ದು ಬೆರಳೋ, ಕಣ್ಣೋ, ಹೊರಗೆ ಕೂತ ಮುರುಗೇಶಪ್ಪನೋ ಎಂದು ನಾನು ಎಷ್ಟೋ ಸಲ ಕೆಣಕಿದ್ದೇನೆ. ಬೆರಳೇ ಎಂದು ಅವರು ಒಮ್ಮೆಯೂ ಜಂಬ ಕೊಚ್ಚಲಿಲ್ಲ. ಬೆರಳಲ್ಲ ಎಂದೂ ಅನ್ನಲಿಲ್ಲ. "ಇನ್ನಷ್ಟು ಮಂದಿ ಮಾಡಿ ನೋಡ್ಲಿ, ತಿಳೀತೈತೆ" ಎಂದಷ್ಟೇ ಹೇಳುವರು.

ಇಂಥವರು ಸಣ್ಣ ಊರುಗಳಲ್ಲಿ ಸಿಗುವುದಕ್ಕೆ ಕಾರಣವಿದೆಯೆಂದು ನನಗನ್ನಿಸುತ್ತದೆ. ಅಲ್ಲಿ ವೈದ್ಯನು ತನಗೆ ತಿಳಿಯದ ರೋಗಿಯನ್ನು ಇನ್ನೊಬ್ಬರ ಹೆಸರು ಬರೆದುಕೊಟ್ಟು ಸಾಗಹಾಕುವಂತಿಲ್ಲ. ಮರುದಿನ ತರಕಾರಿ ಅಂಗಡಿಯಲ್ಲಿ ಆ ರೋಗಿಯೇ ಎದುರಾಗುತ್ತಾನೆ. ಆದ್ದರಿಂದ ತಲೆ ನರೆತ ಮೇಲೂ ಕಲಿಯಬೇಕು, ಕಲಿಯುವಾಗ ನಗೆಗೀಡಾಗಬೇಕು, ತಪ್ಪಿದಾಗ ತಪ್ಪಿತೆಂದು ಹೇಳಿ ಅದೇ ಊರಿನಲ್ಲಿ ಬಾಳಬೇಕು. ಸಂದೇಹವೂ ಭರವಸೆಯೂ ಇಂಥವರ ಮನೆಯಲ್ಲಿ ಅತ್ತೆ ಸೊಸೆಯರಂತೆ ಗೊಣಗಿಕೊಂಡೇ ಒಂದೇ ಒಲೆಯಲ್ಲಿ ಅಡುಗೆ ಮಾಡುತ್ತವೆ. ಏಟು ತಿಂದ ಮನುಷ್ಯ ತನ್ನ ಕಥೆಯನ್ನು ಅತ್ಯಂತ ಕೆಟ್ಟ ಪುಟದಲ್ಲಿ ನಿಲ್ಲಿಸಿಕೊಂಡು, ಅದೇ ಕೊನೆಯ ಪುಟವೆಂದು ನಂಬಿ ಕುಳಿತಿರುತ್ತಾನೆ. ಅದನ್ನು ಹರಿದುಹಾಕಲು ಯಾರಿಂದಲೂ ಸಾಧ್ಯವಿಲ್ಲ. ಅದರ ಮುಂದೆಯೂ ಪುಟಗಳಿವೆ, ಅವನ್ನು ಬರೆದವನು ಅವನೇ, ಒಂದು ದಿನ ತಾನೇ ಓದಿಕೊಂಡಾನು ಎಂದು ಅವನಿಗಿಂತ ಮೊದಲು ನಂಬಿ ಕಾಯುವವರು ಊರಿಗೊಬ್ಬರಿದ್ದರೆ, ಆ ಊರಿನ ಜನಕ್ಕೆ ಅಷ್ಟಿಷ್ಟು ನಿದ್ದೆಯಾದರೂ ಬರುತ್ತದೆ.