ನಾನು ಕೊರೆದ ಕಿಂಡಿ

ನಾನು ತಗಡು ಕತ್ತರಿಸುವ ಗ್ರೈಂಡರ್. ಹುಟ್ಟಿದ್ದು ಯಾವುದೋ ದೊಡ್ಡ ಕಾರ್ಖಾನೆಯಲ್ಲಿ. ಮೊದಲು ನನ್ನನ್ನು ಮುಟ್ಟಿದ ಕೈ ಯಾರದೋ ನೆನಪಿಲ್ಲ, ಸ್ವಿಚ್ ಒತ್ತಿದಾಗ ನಾನು ಕೂಗಿದ ಕೂಗು ಮಾತ್ರ ಚೆನ್ನಾಗಿ ನೆನಪಿದೆ. ಅಬ್ಬಾ, ಎಂಥ ಗಂಟಲು ನನ್ನದು ಎಂದು ಬೀಗಿದ್ದೇ ಬೀಗಿದ್ದು! ಟೈಲ್ಸ್ ಹಾಕುವವನೊಬ್ಬನ ಕೈಯಲ್ಲಿ ಒಂದು ವರ್ಷ ಧೂಳು ಕುಡಿದು, ಆಮೇಲೆ ಗದಗಿನ ಗುರುಶಾಂತಪ್ಪ ಕಮ್ಮಾರನ ವೆಲ್ಡಿಂಗ್ ಅಂಗಡಿ ಸೇರಿದೆ.

ಗುರುಶಾಂತಪ್ಪ ಎಚ್ಚರದ ಮನುಷ್ಯ. ಒಮ್ಮೆ ನನ್ನ ಕಿಡಿ ಹಾರಿ ಯಾರದೋ ಮನೆಯ ಗಾದಿ ಸುಟ್ಟಿತ್ತು. ಅಂದಿನಿಂದ ಏನು ಕೊರೆದರೂ ತಗಡಿನ ಹಿಂದೆ ಒದ್ದೆ ಗೋಣಿಚೀಲ ಇಡದೆ ಅವನು ನನ್ನನ್ನು ಎತ್ತಿದವನಲ್ಲ.

ಅವನ ತಂಗಿ ನೀಲವ್ವನದು ಪಕ್ಕದಲ್ಲೇ ಟೈಪಿಂಗ್ ಅಂಗಡಿ. ಅವರ ತಾಯಿ ಚೆನ್ನವ್ವ ಊರ ಮದುವೆಗಳಿಗೆಲ್ಲ ಸೋಬಾನೆ ಹಾಡಿದವಳು. ಅವಳ ಬಾಯಲ್ಲಿದ್ದ ಇನ್ನೂರು ಸೋಬಾನೆ ಪದಗಳನ್ನು ನೀಲವ್ವ ಕೇಳಿ ಕೇಳಿ ಕಂಪ್ಯೂಟರಿಗೆ ಹಾಕಿದಳು. ಪುಸ್ತಕ ಮಾಡೋಣ ಎನ್ನುತ್ತಿರುವಾಗಲೇ ಚೆನ್ನವ್ವನಿಗೆ ಲಕ್ವ ಹೊಡೆದು ಮಾತು ಬಿದ್ದುಹೋಯಿತು. ಇನ್ನು ಆ ಪದಗಳು ಉಳಿದದ್ದು ಕಂಪ್ಯೂಟರಿನ ಆ ಕರಿ ಡಬ್ಬದೊಳಗೆ ಮಾತ್ರ.

ಬೇಸಿಗೆ ಬಂತು. ಡಬ್ಬ ಬಿಸಿಯಾಗಿ ಬಿಸಿಯಾಗಿ ತಾನೇ ಬಂದ್ ಆಗತೊಡಗಿತು. ಮೇಲಿನ ತಗಡಿಗೆ ಕಿಂಡಿ ಕೊರೆದು ಇನ್ನೊಂದು ಫ್ಯಾನ್ ಕೂರಿಸಬೇಕು ಎಂದ ರಿಪೇರಿಯವನು.

"ಅಣ್ಣಾ, ಸೋಮವಾರ ಅಂವ ಬಂದು ಪದಾ ಬ್ಯಾರೆ ಕಡೆ ಇಳಿಸ್ಕೊಂಡು, ಒಳಗಿನ ಸಾಮಾನೆಲ್ಲ ಬಿಚ್ಚಿ ಕೊಡ್ತಾನ. ಆಮ್ಯಾಲ ಕೊರಿಯಂತಿ. ಗಡಿಬಿಡಿ ಮಾಡಬ್ಯಾಡ ಮತ್ತ" ಎಂದು ಹೇಳಿ ನೀಲವ್ವ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ದಳು.

ಅವಳು ಬರುವಷ್ಟರಲ್ಲಿ ಮುಗಿಸಿ ಖುಷಿಪಡಿಸಬೇಕೆಂದು ಅಣ್ಣನ ಆಸೆ. ವಾಯರ್ ಬಿಚ್ಚಿದರೆ ಯಾವುದನ್ನು ಎಲ್ಲಿ ಹಚ್ಚುವುದೋ ಎಂದು ಹೆದರಿ, ಎಲ್ಲವನ್ನೂ ಒಳಗೇ ಬಿಟ್ಟ. ಅದರ ಮೇಲೆ ಒದ್ದೆ ಗೋಣಿಚೀಲ ಹಾಸಿದ. ಅಯ್ಯೋ, ಎಷ್ಟು ಜೋಪಾನವಾಗಿ ಹಾಸಿದ! ನಾನೂ ಉಬ್ಬಿಹೋಗಿ ಕೊರೆದೆ. ಗೀಟು ತಪ್ಪಲಿಲ್ಲ, ಅಂಚು ಹರಿಯಲಿಲ್ಲ. ಅಷ್ಟು ಚಂದದ ಚೌಕ ನನ್ನ ಆಯುಷ್ಯದಲ್ಲೇ ಕೊರೆದಿಲ್ಲ. ಚೀಲದ ನೀರು, ನಾನು ಉದುರಿಸಿದ ಕಬ್ಬಿಣದ ಪುಡಿ ಎರಡೂ ಒಳಗೆ ಇಳಿದದ್ದು ನಮ್ಮಿಬ್ಬರಿಗೂ ತಿಳಿಯಲಿಲ್ಲ. ಫ್ಯಾನ್ ಕೂರಿಸಿ ಸ್ವಿಚ್ ಹಾಕಿದ. ಚಟ್ ಎಂದಿತು, ಸುಟ್ಟ ವಾಸನೆ ಬಂತು.

ರಿಪೇರಿಯವನು ಹುಬ್ಬಳ್ಳಿಯವರೆಗೂ ಒಯ್ದು ತೋರಿಸಿದ. ಒಂದು ಪದವೂ ಸಿಗಲಿಲ್ಲ. ನೀಲವ್ವ ಎರಡು ದಿನ ಅಣ್ಣನ ಮುಖ ನೋಡಲಿಲ್ಲ. ಮೂರನೆಯ ದಿನ ನೋಟ್‌ಬುಕ್ ಹಿಡಿದು ನಮ್ಮ ಅಂಗಡಿಗೆ ಬಂದಳು.

"ನನಗ ನಲವತ್ತು ನೆನಪದಾವ. ಅವ್ವ ಹನ್ನೆರಡು ವರ್ಷ ದಿನಾ ಇಲ್ಲೇ ಬಾಗಿಲದಾಗ ಕುಂತು ಹಾಡ್ಯಾಳ. ನಿನಗ ಬರೂವು ಹೇಳಣ್ಣಾ, ಬರಕೊಂತೀನಿ."

ಗುರುಶಾಂತಪ್ಪ ನನ್ನ ಕಡೆ ನೋಡಿದ.

"ಅಕಿ ಹಾಡೂವಾಗೆಲ್ಲ ಈ ಮಷೀನ್ ನಡದಿರ್ತಿತ್ತವಾ. ನನಗ ಒಂದೂ ಕೇಳಿಸಿಲ್ಲ" ಎಂದು ಅತ್ತುಬಿಟ್ಟ.

ಈಗ ನನ್ನ ಬೇರಿಂಗ್ ಸವೆದಿದೆ, ಮೂಲೆಯ ಗೂಡು ಸೇರಿದ್ದೇನೆ. ನನ್ನ ಗಂಟಲಿನ ಮೇಲೆ ನನಗೇ ಸಿಟ್ಟು. ಚೆನ್ನವ್ವ ಇವತ್ತಿಗೂ ಬಾಗಿಲಲ್ಲಿ ಬಂದು ಸುಮ್ಮನೆ ಕೂಡುತ್ತಾಳೆ. ಅಷ್ಟು ವರ್ಷ ಅವಳ ಮಗ್ಗುಲಲ್ಲೇ ಇದ್ದೆನಲ್ಲ, ನನಗೂ ಆ ಪದಗಳ ಒಂದು ಸಾಲೂ ಬರುವುದಿಲ್ಲ.